ರಷ್ಯಾವನ್ನಾಳಿದ ನಾಲ್ವರು ಸಾಮ್ರಾಜ್ಞಿಯರು

ರಷ್ಯಾದ ಇತಿಹಾಸದಲ್ಲಿ ಹದಿನೆಂಟನೆಯ ಶತಮಾನವನ್ನು ಮಹಿಳೆಯರ ಶತಮಾನವೆಂದೇ ಕರೆಯುವುದುಂಟು. 1725ರಿಂದ 1796ರವರೆಗಿನ ಸುಮಾರು 72 ವರ್ಷಗಳ ಅವಧಿಯಲ್ಲಿ ನಾಲ್ವರು ಮಹಿಳೆಯರು ಸಾಮ್ರಾಜ್ಞಿಯರಾಗಿ ಒಟ್ಟು 67 ವರ್ಷಗಳಿಗೂ ಹೆಚ್ಚು ಕಾಲ ಆ ವಿಶಾಲ ದೇಶವನ್ನು ಆಳಿದರು. ಇದೇ ಅವಧಿಯಲ್ಲಿ ಸಿಂಹಾಸನವೇರಿದ ಮೂವರು ಪುರುಷರ ಆಳ್ವಿಕೆಯನ್ನು ಒಟ್ಟುಗೂಡಿಸಿದರೂ ಐದು ವರ್ಷ ತುಂಬುವುದಿಲ್ಲ. ಅವರಲ್ಲೊಬ್ಬ ಬಾಲಕ, ಇನ್ನೊಬ್ಬ ತೊಟ್ಟಿಲ ಕೂಸು, ಮತ್ತೊಬ್ಬ ಆರೇ ತಿಂಗಳಲ್ಲಿ ಪದಚ್ಯುತನಾದವನು.

ಈ ನಾಲ್ವರಿಗಿಂತ ಮೊದಲಾಗಲಿ, ಅನಂತರವಾಗಲಿ ಯಾವ ಮಹಿಳೆಯೂ ಸಾಮ್ರಾಜ್ಞಿಯಾಗಿ ರಷ್ಯಾವನ್ನು ಸ್ವತಂತ್ರವಾಗಿ ಆಳಲಿಲ್ಲ. ಬಂದಷ್ಟೇ ಹಠಾತ್ತನೆ ಈ ಅಧ್ಯಾಯ ಮುಗಿದೂ ಹೋಯಿತು. ಅದು ಆರಂಭವಾದದ್ದು ಒಂದು ಶಾಸನದಿಂದ, ಕೊನೆಗೊಂಡದ್ದು ಇನ್ನೊಂದು ಶಾಸನದಿಂದ. ಇವೆರಡರ ನಡುವೆ ಕಿರೀಟ ಯಾರ ತಲೆಗೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ರಾಜಧಾನಿಯ ಕಾವಲು ಪಡೆಗಳು. ಆ ಪಡೆಗಳಲ್ಲಿದ್ದ ಕುಲೀನರು ತಮ್ಮ ನೆರವಿಗೆ ಪ್ರತಿಫಲ ಪಡೆದರು. ಅದರ ಭಾರ ಬಿದ್ದದ್ದು ಮಾತ್ರ ಈ ಯಾವ ವ್ಯವಹಾರದಲ್ಲೂ ಪಾಲಿಲ್ಲದ ಜೀತದ ರೈತರ ಮೇಲೆ.

(ಇಲ್ಲಿರುವ ದಿನಾಂಕಗಳು ಅಂದಿನ ರಷ್ಯಾದ ಹಳೆಯ ಕ್ಯಾಲೆಂಡರಿನವು. ಹದಿನೆಂಟನೆಯ ಶತಮಾನದಲ್ಲಿ ಅದು ಇಂದಿನ ಕ್ಯಾಲೆಂಡರಿಗಿಂತ 11 ದಿನ ಹಿಂದಿತ್ತು.)

ಮುನ್ನುಡಿ ಬರೆದ ಸೋಫಿಯಾ

ಹದಿನೇಳನೆಯ ಶತಮಾನದ ಮಾಸ್ಕೋದಲ್ಲಿ ರಾಜಕುಮಾರಿಯರ ಬದುಕು ಅಂತಃಪುರದ ಗೋಡೆಗಳೊಳಗೇ ಕಳೆಯುತ್ತಿತ್ತು. ಆ ಕಟ್ಟಳೆಯನ್ನು ಮುರಿದು ಹೊರಬಂದವಳು ಸೋಫಿಯಾ ಅಲೆಕ್ಸೆಯೆವ್ನಾ. 1682ರಲ್ಲಿ ಮಾಸ್ಕೋದ ಬಂದೂಕುಧಾರಿ ಪಡೆ ದಂಗೆಯೆದ್ದಿತು. ಆಗ ಆಕೆಯ ಸಹೋದರ ಐದನೆಯ ಇವಾನ್ ಹಾಗೂ ಮಲಸಹೋದರ, ಹತ್ತು ವರ್ಷದ ಪೀಟರ್ ಇಬ್ಬರನ್ನೂ ಜಂಟಿ ಜಾರ್‌ಗಳೆಂದು ಘೋಷಿಸಲಾಯಿತು. ರಾಜಪ್ರತಿನಿಧಿಯಾಗಿ ಆಡಳಿತದ ಸೂತ್ರ ಹಿಡಿದವಳು ಸೋಫಿಯಾ. ಆಕೆಯ ಕಾಲದಲ್ಲಿ, 1686ರಲ್ಲಿ ಪೋಲೆಂಡಿನೊಂದಿಗೆ ಶಾಶ್ವತ ಶಾಂತಿ ಒಪ್ಪಂದವಾಯಿತು. 1689ರಲ್ಲಿ ಚೀನಾದೊಂದಿಗೆ ನೆರ್ಚಿನ್‌ಸ್ಕ್ ಒಪ್ಪಂದಕ್ಕೆ ಸಹಿ ಬಿದ್ದಿತು.

ಅದೇ 1689ರಲ್ಲಿ ಪ್ರಾಯಕ್ಕೆ ಬಂದ ಪೀಟರ್ ಅಧಿಕಾರವನ್ನು ಕಿತ್ತುಕೊಂಡು ಸೋಫಿಯಾಳನ್ನು ಮಾಸ್ಕೋದ ನೊವೊದೆವಿಚಿ ಮಠಕ್ಕೆ ಕಳುಹಿಸಿದ. 1698ರಲ್ಲಿ ಬಂದೂಕುಧಾರಿ ಪಡೆ ಮತ್ತೆ ದಂಗೆಯೆದ್ದಾಗ ಆಕೆಗೆ ಬಲವಂತದಿಂದ ಸನ್ಯಾಸ ದೀಕ್ಷೆ ಕೊಡಿಸಲಾಯಿತು. ಆಕೆ 1704ರಲ್ಲಿ ಅದೇ ಮಠದಲ್ಲಿ ಕಣ್ಮುಚ್ಚಿದಳು. ರಾಜಪ್ರತಿನಿಧಿಯ ಸ್ಥಾನದಿಂದ ಮೇಲೇರಿ ತಾನೇ ಕಿರೀಟ ಧರಿಸುವ ಅವಕಾಶ ಆಕೆಗೆ ದೊರೆಯಲಿಲ್ಲ.

ಬಾಗಿಲು ತೆರೆದ 1722ರ ಶಾಸನ

ಮಹಿಳೆಯರಿಗೆ ಸಿಂಹಾಸನದ ದಾರಿ ತೆರೆದವನು, ವಿಚಿತ್ರವೆಂಬಂತೆ, ಸೋಫಿಯಾಳನ್ನು ಮಠಕ್ಕಟ್ಟಿದ ಪೀಟರನೇ. ತನ್ನ ಸುಧಾರಣೆಗಳನ್ನು ಒಪ್ಪದ ಮಗ ಅಲೆಕ್ಸಿಯ ಮೇಲೆ ಆತ ರಾಜದ್ರೋಹದ ವಿಚಾರಣೆ ನಡೆಸಿದ. ಚಿತ್ರಹಿಂಸೆಗೆ ಗುರಿಯಾಗಿ ಮರಣದಂಡನೆಗೆ ಒಳಗಾದ ಅಲೆಕ್ಸಿ 1718ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಕೋಟೆಯ ಸೆರೆಯಲ್ಲೇ ಸತ್ತ. 1722ರಲ್ಲಿ ಪೀಟರ್ ಹೊಸ ಶಾಸನ ಹೊರಡಿಸಿದ. ಹಿರಿಯ ಮಗನಿಗೇ ಪಟ್ಟ ಎಂಬ ಪದ್ಧತಿ ಇದರಿಂದ ರದ್ದಾಯಿತು. ಉತ್ತರಾಧಿಕಾರಿಯನ್ನು ಹೆಸರಿಸುವ ಹಕ್ಕು ಆಳುವ ದೊರೆಗೆ ಸೇರಿತು.

ಆದರೆ 1725ರ ಜನವರಿ 28ರಂದು ಪೀಟರ್ ಯಾರನ್ನೂ ಹೆಸರಿಸದೆಯೇ ತೀರಿಕೊಂಡ. ಹಳೆಯ ಪದ್ಧತಿ ರದ್ದಾಗಿತ್ತು, ಹೊಸ ಶಾಸನ ಬಳಕೆಗೆ ಬಂದಿರಲಿಲ್ಲ. ಆ ತೆರವನ್ನು ತುಂಬಿದ್ದು ಪೀಟರನೇ ಕಟ್ಟಿದ್ದ ಪ್ರಿಯೊಬ್ರಾಜೆನ್‌ಸ್ಕಿ ಮತ್ತು ಸೆಮ್ಯೊನೊವ್‌ಸ್ಕಿ ಕಾವಲು ಪಡೆಗಳು. ಅರಮನೆಯೊಳಗೆ ಗಣ್ಯರು ಉತ್ತರಾಧಿಕಾರದ ಬಗ್ಗೆ ವಾದಿಸುತ್ತಿರುವಾಗ ಹೊರಗೆ ಕಾವಲು ಪಡೆಗಳ ನಗಾರಿ ಮೊಳಗಿತು. ವಾದ ಅಲ್ಲಿಗೆ ಮುಗಿಯಿತು. ಪೀಟರನ ವಿಧವೆ ಕ್ಯಾಥರೀನ್ ಸಾಮ್ರಾಜ್ಞಿಯೆನಿಸಿದಳು.

ಮನೆಗೆಲಸದಿಂದ ಅರಮನೆಗೆ: ಮೊದಲನೆಯ ಕ್ಯಾಥರೀನ್ (1725-1727)

ರಷ್ಯಾದ ಮೊದಲ ಸಾಮ್ರಾಜ್ಞಿ ಹುಟ್ಟಿನಿಂದ ರಷ್ಯನ್ನಳೂ ಅಲ್ಲ, ರಾಜವಂಶದವಳೂ ಅಲ್ಲ. 1684ರಲ್ಲಿ ಬಾಲ್ಟಿಕ್ ಪ್ರದೇಶದ ಬಡ ಕುಟುಂಬವೊಂದರಲ್ಲಿ ಜನಿಸಿದ ಆಕೆಯ ಮೂಲ ಹೆಸರು ಮಾರ್ತಾ ಸ್ಕಾವ್ರೊನ್‌ಸ್ಕಾಯಾ. ಮಾರಿಯೆನ್‌ಬರ್ಗ್ ಪಟ್ಟಣದಲ್ಲಿ (ಇಂದಿನ ಲಾಟ್ವಿಯಾದ ಅಲೂಕ್ಸ್‌ನೆ) ಅರ್ನ್‌ಸ್ಟ್ ಗ್ಲೂಕ್ ಎಂಬ ಪಾದ್ರಿಯ ಮನೆಯಲ್ಲಿ ಆಕೆ ಕೆಲಸಕ್ಕಿದ್ದಳು. 1702ರಲ್ಲಿ ರಷ್ಯನ್ ಸೇನೆ ಆ ಪಟ್ಟಣವನ್ನು ಗೆದ್ದಾಗ ಸೆರೆಯಾಳಾದ ಆಕೆ, ಪೀಟರನ ಆಪ್ತ ಮೆನ್ಶಿಕೋವ್‌ನ ಮನೆ ಸೇರಿ, ಅಲ್ಲಿಂದ ಪೀಟರನ ಕಣ್ಣಿಗೆ ಬಿದ್ದಳು. ಆರ್ಥೊಡಾಕ್ಸ್ ಪಂಥ ಸ್ವೀಕರಿಸಿ ಯೆಕಟೆರಿನಾ ಅಲೆಕ್ಸೆಯೆವ್ನಾ ಎಂಬ ಹೆಸರು ಪಡೆದಳು. 1712ರಲ್ಲಿ ಇಬ್ಬರ ವಿವಾಹ ಬಹಿರಂಗವಾಗಿ ನೆರವೇರಿತು.

1711ರ ಪ್ರೂತ್ ಯುದ್ಧದಲ್ಲಿ ತುರ್ಕರು ರಷ್ಯನ್ ಸೇನೆಯನ್ನು ಸುತ್ತುವರಿದಾಗ ಆಕೆ ತನ್ನ ಒಡವೆಗಳನ್ನು ಕೊಟ್ಟು ಸಂಧಾನಕ್ಕೆ ನೆರವಾದಳೆಂಬ ಪ್ರತೀತಿಯಿದೆ. 1724ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಪೀಟರ್ ಸ್ವತಃ ಆಕೆಯ ತಲೆಯ ಮೇಲೆ ಕಿರೀಟವಿಟ್ಟ. ಆಕೆಯ ಪಟ್ಟಕ್ಕೆ ಮುಂದೆ ಆಧಾರವೆಂದು ಮುಂದಿಡಲಾದದ್ದು ಆ ಸಮಾರಂಭವನ್ನೇ.

ಓದುಬರಹ ಬಾರದಿದ್ದ ಕ್ಯಾಥರೀನಳ ಕಾಲದಲ್ಲಿ ನಿಜವಾದ ಅಧಿಕಾರ ಮೆನ್ಶಿಕೋವ್‌ನ ಕೈಯಲ್ಲಿತ್ತು. 1726ರಲ್ಲಿ ಆಡಳಿತಕ್ಕಾಗಿ ಪರಮೋಚ್ಚ ಗುಪ್ತ ಮಂಡಳಿ ಸ್ಥಾಪನೆಯಾಯಿತು. ಪೀಟರ್ ಯೋಜಿಸಿದ್ದ ವಿಜ್ಞಾನ ಅಕಾಡೆಮಿ 1725ರಲ್ಲಿ ಕೆಲಸ ಆರಂಭಿಸಿತು. ಎರಡು ವರ್ಷ ಮೂರು ತಿಂಗಳ ಆಳ್ವಿಕೆಯ ಬಳಿಕ 1727ರ ಮೇ ತಿಂಗಳಲ್ಲಿ, 43ನೆಯ ವಯಸ್ಸಿನಲ್ಲಿ ಆಕೆ ಮೃತಪಟ್ಟಳು. ಬಳಿಕ ಪಟ್ಟವೇರಿದವನು ಅಲೆಕ್ಸಿಯ ಮಗ ಎರಡನೆಯ ಪೀಟರ್. ಆ ಬಾಲಕ 1730ರ ಜನವರಿಯಲ್ಲಿ ಸಿಡುಬಿಗೆ ಬಲಿಯಾದ.

ಷರತ್ತು ಹರಿದೆಸೆದ ಆನ್ನಾ (1730-1740)

ಪುರುಷ ವಾರಸುದಾರರ ನೇರ ಸಂತತಿ ಮುಗಿದಿತ್ತು. ಗುಪ್ತ ಮಂಡಳಿಯ ಗಣ್ಯರು ಐದನೆಯ ಇವಾನನ ಮಗಳು ಆನ್ನಾ ಇವಾನೊವ್ನಾಳನ್ನು ಆರಿಸಿದರು. 1693ರಲ್ಲಿ ಜನಿಸಿದ ಆಕೆಯನ್ನು 1710ರಲ್ಲಿ ಕೂರ್ಲಾಂಡಿನ ಡ್ಯೂಕನಿಗೆ ಮದುವೆ ಮಾಡಿಕೊಡಲಾಗಿತ್ತು. ಕೆಲವೇ ವಾರಗಳಲ್ಲಿ, ಊರಿಗೆ ಮರಳುವ ಹಾದಿಯಲ್ಲೇ ಪತಿ ಸತ್ತ. ಅಂದಿನಿಂದ ಮಿತೌ ಪಟ್ಟಣದಲ್ಲಿ (ಇಂದಿನ ಲಾಟ್ವಿಯಾದ ಯೆಲ್ಗಾವಾ) ಹಣದ ಮುಗ್ಗಟ್ಟಿನಲ್ಲೇ ಬದುಕಿದ್ದ ವಿಧವೆ ತಾವು ಹೇಳಿದಂತೆ ಕೇಳುವಳೆಂಬುದು ಗಣ್ಯರ ಲೆಕ್ಕಾಚಾರವಾಗಿತ್ತು.

ದ್ಮಿತ್ರಿ ಗೊಲಿತ್ಸಿನ್ ನೇತೃತ್ವದಲ್ಲಿ ಅವರು ಷರತ್ತುಗಳ ಪಟ್ಟಿಯೊಂದನ್ನು ಕಳುಹಿಸಿದರು. ಮಂಡಳಿಯ ಒಪ್ಪಿಗೆಯಿಲ್ಲದೆ ಯುದ್ಧ ಸಾರುವಂತಿಲ್ಲ, ಸಂಧಿ ಮಾಡಿಕೊಳ್ಳುವಂತಿಲ್ಲ, ಹೊಸ ತೆರಿಗೆ ಹೇರುವಂತಿಲ್ಲ. ಮರುಮದುವೆಯಾಗುವಂತಿಲ್ಲ, ಉತ್ತರಾಧಿಕಾರಿಯನ್ನು ನೇಮಿಸುವಂತಿಲ್ಲ. ಆನ್ನಾ ಸಹಿ ಹಾಕಿದಳು. ಮಾಸ್ಕೋಗೆ ಬಂದ ಮೇಲೆ, ನಾಲ್ಕಾರು ಮನೆತನಗಳ ಮಂಡಳಿಯ ಅಂಕೆಗೆ ಒಳಗಾಗಲು ಉಳಿದ ಕುಲೀನರಿಗೂ ಕಾವಲು ಪಡೆಗೂ ಮನಸ್ಸಿಲ್ಲವೆಂಬುದು ಆಕೆಗೆ ಗೊತ್ತಾಯಿತು. ಫೆಬ್ರವರಿ 25ರಂದು ಎಲ್ಲರೆದುರು ಆ ಕಾಗದವನ್ನು ತರಿಸಿ ಹರಿದು ಹಾಕಿದಳು. ರಷ್ಯಾದ ನಿರಂಕುಶ ಪ್ರಭುತ್ವಕ್ಕೆ ಲಿಖಿತ ಕಟ್ಟುಪಾಡು ಹಾಕುವ ಯತ್ನ ಹೀಗೆ ಕೆಲವೇ ವಾರಗಳಲ್ಲಿ ಮುಗಿಯಿತು.

ಬೆಂಬಲಿಸಿದ ಕುಲೀನರಿಗೆ ಪ್ರತಿಫಲ ಸಂದಿತು. ಆಸ್ತಿಯನ್ನು ಒಬ್ಬನೇ ವಾರಸುದಾರನಿಗೆ ಬಿಡಬೇಕೆಂಬ ಪೀಟರನ ಕಟ್ಟಳೆ ರದ್ದಾಯಿತು. ಅವರ ಮಕ್ಕಳು ನೇರವಾಗಿ ಅಧಿಕಾರಿಗಳಾಗಲು ಅನುವಾಗುವಂತೆ 1731ರಲ್ಲಿ ಕೆಡೆಟ್ ಶಾಲೆ ಆರಂಭವಾಯಿತು. 1736ರಲ್ಲಿ, ಜೀವನಪರ್ಯಂತವಿದ್ದ ಅವರ ಕಡ್ಡಾಯ ರಾಜಸೇವೆಯನ್ನು 25 ವರ್ಷಗಳಿಗೆ ಇಳಿಸಲಾಯಿತು.

ಆಕೆಯ ಆಪ್ತ ಬಿರೋನ್ ಮತ್ತು ಇತರ ಜರ್ಮನ್ನರು ಉನ್ನತ ಹುದ್ದೆಗಳಲ್ಲಿದ್ದುದರಿಂದ ಈ ದಶಕಕ್ಕೆ ಬಿರೋನನ ಕಾಲವೆಂಬ ಅಪಕೀರ್ತಿ ಅಂಟಿಕೊಂಡಿತು. ಉಷಕೋವ್ ಮುಖ್ಯಸ್ಥನಾಗಿದ್ದ ಗುಪ್ತ ತನಿಖಾ ಕಚೇರಿಯ ಹೆಸರು ಕೇಳಿದರೆ ಜನ ನಡುಗುತ್ತಿದ್ದರು. ಆನ್ನಾಳ ವಿನೋದವೂ ಕ್ರೂರವಾಗಿತ್ತು. ವಿದೂಷಕನ ಸ್ಥಾನಕ್ಕೆ ಇಳಿಸಿದ್ದ ಮಿಖಾಯಿಲ್ ಗೊಲಿತ್ಸಿನ್ ಎಂಬ ರಾಜಮನೆತನದವನಿಗೆ 1740ರ ಕಡು ಚಳಿಗಾಲದಲ್ಲಿ ತನ್ನ ಊಳಿಗದ ಹೆಂಗಸೊಬ್ಬಳೊಂದಿಗೆ ಮದುವೆ ಮಾಡಿಸಿದಳು. ಮಂಚ, ಹಾಸಿಗೆಗಳೂ ಮಂಜುಗಡ್ಡೆಯವೇ ಆಗಿದ್ದ ಹಿಮದ ಅರಮನೆಯಲ್ಲಿ ನವದಂಪತಿಗಳು ಕಾವಲಿನಲ್ಲಿ ಆ ರಾತ್ರಿ ಕಳೆಯಬೇಕಾಯಿತು. ಇಬ್ಬರೂ ಬದುಕುಳಿದರು.

ಬ್ಯಾರಕ್ಕಿನಿಂದ ಸಿಂಹಾಸನಕ್ಕೆ: ಎಲಿಜಬೆತ್ (1741-1761)

1740ರ ಅಕ್ಟೋಬರಿನಲ್ಲಿ ಸಾಯುವ ಮುನ್ನ ಆನ್ನಾ ತನ್ನ ಅಕ್ಕನ ಮೊಮ್ಮಗ, ಎರಡು ತಿಂಗಳ ಕೂಸು ಆರನೆಯ ಇವಾನನನ್ನು ಉತ್ತರಾಧಿಕಾರಿಯೆಂದು ಹೆಸರಿಸಿದ್ದಳು. ರಾಜಪ್ರತಿನಿಧಿಯಾದ ಬಿರೋನ್ ಮೂರೇ ವಾರಗಳಲ್ಲಿ ಬಂಧನಕ್ಕೊಳಗಾದ. ಮಗುವಿನ ತಾಯಿ ಆನ್ನಾ ಲಿಯೊಪೊಲ್ಡೊವ್ನಾ ಆ ಸ್ಥಾನಕ್ಕೆ ಬಂದಳು.

ಇತ್ತ ಪೀಟರ್ ಮತ್ತು ಮೊದಲನೆಯ ಕ್ಯಾಥರೀನಳ ಮಗಳು ಎಲಿಜಬೆತ್ ಕಾವಲು ಪಡೆಯ ಸೈನಿಕರಿಗೆ ಅಚ್ಚುಮೆಚ್ಚಿನವಳಾಗಿದ್ದಳು. 1741ರ ನವೆಂಬರ್ 25ರ ರಾತ್ರಿ ಆಕೆ ಪ್ರಿಯೊಬ್ರಾಜೆನ್‌ಸ್ಕಿ ಪಡೆಯ ವಸತಿಗೆ ಹೋಗಿ, ತಾನು ಯಾರ ಮಗಳೆಂಬುದನ್ನು ನೆನಪಿಸಿ ನೆರವು ಕೋರಿದಳು. ಸುಮಾರು 300 ಸೈನಿಕರು ಆಕೆಯೊಡನೆ ಅರಮನೆಗೆ ನಡೆದರು. ರಕ್ತಪಾತವಿಲ್ಲದೆ ಅಧಿಕಾರ ಕೈ ಬದಲಾಯಿತು.

ಆ ಸೈನಿಕರ ಪಡೆಯಲ್ಲಿ ಕುಲೀನರಲ್ಲದವರಿಗೆಲ್ಲ ವಂಶಪಾರಂಪರ್ಯ ಕುಲೀನ ಪದವಿ ದೊರೆಯಿತು. ಭೂಮಿ ಮತ್ತು ಅದರೊಡನೆ ಜೀತದ ರೈತರೂ ಇನಾಮಾಗಿ ದೊರೆತರು. ಹೊಸ ಸಾಮ್ರಾಜ್ಞಿಗೆ ಪ್ರಜೆಗಳು ನಿಷ್ಠೆಯ ಪ್ರಮಾಣ ಮಾಡುವಾಗ ಜೀತದ ರೈತರನ್ನು ಅದರಿಂದ ಹೊರಗಿಡಲಾಯಿತು. ಪ್ರಮಾಣ ಮಾಡಲೂ ಅರ್ಹರಲ್ಲದ ಅವರ ನಿಷ್ಠೆಗೆ ಅವರ ಒಡೆಯರೇ ಜವಾಬ್ದಾರರೆಂಬುದು ಇದರ ಅರ್ಥ.

ಎಲಿಜಬೆತಳ ಇಪ್ಪತ್ತು ವರ್ಷಗಳ ಆಳ್ವಿಕೆಯಲ್ಲಿ ಸಾಧನೆಗಳು ಕಡಿಮೆಯಿಲ್ಲ. 1755ರಲ್ಲಿ ವಿಜ್ಞಾನಿ ಲೊಮೊನೊಸೋವ್ ಮತ್ತು ಇವಾನ್ ಶುವಾಲೋವ್ ಅವರ ಶ್ರಮದಿಂದ ಮಾಸ್ಕೋ ವಿಶ್ವವಿದ್ಯಾಲಯ ಆರಂಭವಾಯಿತು. 1757ರಲ್ಲಿ ಕಲಾ ಅಕಾಡೆಮಿ ಸ್ಥಾಪನೆಯಾಯಿತು. ದೇಶದೊಳಗಿನ ಸುಂಕದ ಕಟ್ಟೆಗಳು ರದ್ದಾದವು. ವಾಸ್ತುಶಿಲ್ಪಿ ರಾಸ್ತ್ರೆಲ್ಲಿ 1754ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಚಳಿಗಾಲದ ಅರಮನೆಯ ನಿರ್ಮಾಣ ಕೈಗೊಂಡ. ಸಪ್ತವಾರ್ಷಿಕ ಯುದ್ಧದಲ್ಲಿ ರಷ್ಯನ್ ಸೇನೆ 1760ರಲ್ಲಿ ಕೆಲವು ದಿನಗಳ ಮಟ್ಟಿಗೆ ಬರ್ಲಿನ್ ನಗರವನ್ನೇ ಹಿಡಿದಿತ್ತು.

ಯಾರನ್ನೂ ಗಲ್ಲಿಗೇರಿಸುವುದಿಲ್ಲವೆಂಬ ತನ್ನ ಪ್ರತಿಜ್ಞೆಯನ್ನು ಎಲಿಜಬೆತ್ ಕೊನೆಯವರೆಗೂ ಪಾಲಿಸಿದಳು. ಆದರೆ ಜೀವ ಉಳಿದ ಮಾತ್ರಕ್ಕೆ ಶಿಕ್ಷೆ ತಪ್ಪಲಿಲ್ಲ. 1743ರಲ್ಲಿ ಒಳಸಂಚಿನ ಆರೋಪಕ್ಕೆ ಗುರಿಯಾದ ನತಾಲ್ಯಾ ಲೊಪುಖಿನಾಗೆ ಚಾಟಿಯೇಟು ಹೊಡೆಸಿ, ನಾಲಗೆ ಕತ್ತರಿಸಿ ಸೈಬೀರಿಯಾಕ್ಕೆ ಅಟ್ಟಲಾಯಿತು. ಪದಚ್ಯುತ ಕೂಸು ಇವಾನನಂತೂ ಸೆರೆಯಲ್ಲೇ ಬೆಳೆದ. 1756ರಿಂದ ಶ್ಲಿಸ್ಸೆಲ್‌ಬರ್ಗ್ ಕೋಟೆಯಲ್ಲಿದ್ದ ಆತನನ್ನು 1764ರಲ್ಲಿ ಅಧಿಕಾರಿಯೊಬ್ಬ ಬಿಡಿಸಲು ಯತ್ನಿಸಿದಾಗ, ಮೊದಲೇ ಇದ್ದ ಆಜ್ಞೆಯಂತೆ ಕಾವಲುಗಾರರು ಇರಿದು ಕೊಂದರು. ಆಗ ಆತನಿಗೆ 23 ವರ್ಷ.

ಇದೇ ಸಾಮ್ರಾಜ್ಞಿಯ ಕಾಲದಲ್ಲಿ, 1760ರಲ್ಲಿ, ಜಮೀನುದಾರರು ತಮ್ಮ ಜೀತದ ರೈತರನ್ನು ಸೈಬೀರಿಯಾಕ್ಕೆ ಗಡೀಪಾರು ಮಾಡುವ ಅಧಿಕಾರ ಪಡೆದರು.

ಎರಡನೆಯ ಕ್ಯಾಥರೀನ್ (1762-1796)

ಎಲಿಜಬೆತಳ ಅಕ್ಕನ ಮಗ ಮೂರನೆಯ ಪೀಟರ್ 1761ರ ಡಿಸೆಂಬರ್ ಅಂತ್ಯದಲ್ಲಿ ಪಟ್ಟವೇರಿದ. ಕುಲೀನರನ್ನು ಕಡ್ಡಾಯ ರಾಜಸೇವೆಯಿಂದ ಸಂಪೂರ್ಣ ಮುಕ್ತಗೊಳಿಸಿದರೂ ಸೇನೆಯ ವಿಶ್ವಾಸ ಗಳಿಸಲಿಲ್ಲ. ಪ್ರಶ್ಯಾದಿಂದ ಗೆದ್ದ ನೆಲವನ್ನೆಲ್ಲ ಆತ ಮರಳಿ ಕೊಟ್ಟದ್ದು ಯುದ್ಧದಲ್ಲಿ ನೆತ್ತರು ಹರಿಸಿದವರನ್ನು ಕೆರಳಿಸಿತು.

ಆತನ ಪತ್ನಿಯೇ ಎರಡನೆಯ ಕ್ಯಾಥರೀನ್. 1729ರಲ್ಲಿ ಸ್ಟೆಟ್ಟಿನ್‌ನಲ್ಲಿ (ಇಂದಿನ ಪೋಲೆಂಡಿನ ಶ್ಚೆಚಿನ್) ಜನಿಸಿದ ಈ ಜರ್ಮನ್ ರಾಜಕುಮಾರಿಯ ಮೂಲ ಹೆಸರು ಸೋಫಿ. 1744ರಲ್ಲಿ ರಷ್ಯಾಕ್ಕೆ ಬಂದು, ಭಾಷೆಯನ್ನೂ ಧಾರ್ಮಿಕ ಆಚಾರವನ್ನೂ ಶ್ರದ್ಧೆಯಿಂದ ಕಲಿತು, ಮರುವರ್ಷ ಪೀಟರನನ್ನು ವಿವಾಹವಾದಳು. ಕಹಿ ದಾಂಪತ್ಯದ ಹದಿನೇಳು ವರ್ಷಗಳಲ್ಲಿ ಆಕೆ ಓದಿದಳು, ಕಾದಳು, ಸ್ನೇಹ ಸಂಪಾದಿಸಿದಳು. 1762ರ ಜೂನ್ 28ರಂದು ಓರ್ಲೊವ್ ಸಹೋದರರ ನೆರವಿನಿಂದ ಕಾವಲು ಪಡೆಗಳು ಆಕೆಯನ್ನು ಸಾಮ್ರಾಜ್ಞಿಯೆಂದು ಘೋಷಿಸಿದವು. ಪೀಟರ್ ಸಿಂಹಾಸನ ತ್ಯಜಿಸಿದ. ಎಂಟೇ ದಿನಗಳಲ್ಲಿ ರೋಪ್ಷಾದಲ್ಲಿ ಕಾವಲಿನಲ್ಲಿದ್ದಾಗಲೇ ಆತ ಹತನಾದ. ಹೊಟ್ಟೆನೋವಿನಿಂದ ಸತ್ತನೆಂದು ಪ್ರಜೆಗಳಿಗೆ ತಿಳಿಸಲಾಯಿತು.

ಸಿಂಹಾಸನಕ್ಕೆ ರಕ್ತಸಂಬಂಧದ ಯಾವ ಹಕ್ಕೂ ಇಲ್ಲದ ಈ ಪರದೇಶದ ಹೆಣ್ಣು 34 ವರ್ಷ ರಷ್ಯಾವನ್ನಾಳಿದಳು. 1764ರಲ್ಲಿ ಕುಲೀನರ ಹೆಣ್ಣುಮಕ್ಕಳಿಗಾಗಿ ಸ್ಮೊಲ್ನಿ ಶಿಕ್ಷಣ ಸಂಸ್ಥೆಯನ್ನು ತೆರೆದಳು. 1768ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಡಿಮ್ಸ್‌ಡೇಲ್‌ನನ್ನು ಕರೆಸಿ, ಪ್ರಾಣಾಪಾಯ ಲೆಕ್ಕಿಸದೆ ಸಿಡುಬು ನಿರೋಧಕ ಚಿಕಿತ್ಸೆಯನ್ನು ಮೊದಲು ತಾನೇ ಹಾಕಿಸಿಕೊಂಡಳು. ಹರ್ಮಿಟೇಜ್ ಸಂಗ್ರಹಾಲಯದ ಮೂಲ ಆಕೆ ಕೊಂಡ ಚಿತ್ರಗಳು. ಫ್ರಾನ್ಸಿನ ಚಿಂತಕ ವೋಲ್ಟೇರನೊಂದಿಗೆ ಆಕೆಗೆ ಪತ್ರವ್ಯವಹಾರವಿತ್ತು. 1773ರಲ್ಲಿ ದಿದೆರೊ ಆಕೆಯ ಅತಿಥಿಯಾಗಿದ್ದ. 1783ರಲ್ಲಿ ಯೆಕಟೆರಿನಾ ದಾಶ್ಕೋವಾ ವಿಜ್ಞಾನ ಅಕಾಡೆಮಿಯ ನಿರ್ದೇಶಕಿಯಾಗಿ ನೇಮಕಗೊಂಡಳು. ತುರ್ಕರೊಂದಿಗಿನ ಯುದ್ಧಗಳಿಂದ ಕಪ್ಪು ಸಮುದ್ರದ ತೀರ ರಷ್ಯಾದ ವಶವಾಯಿತು, 1783ರಲ್ಲಿ ಕ್ರಿಮಿಯಾ ಸೇರ್ಪಡೆಯಾಯಿತು. 1772, 1793 ಮತ್ತು 1795ರಲ್ಲಿ ನೆರೆಯವರೊಡನೆ ಸೇರಿ ಪೋಲೆಂಡನ್ನು ಹಂಚಿಕೊಳ್ಳಲಾಯಿತು. ಆ ದೇಶ ಭೂಪಟದಿಂದಲೇ ಅಳಿಸಿಹೋಯಿತು.

ಮನವಿಯನ್ನೂ ನಿಷೇಧಿಸಿದ ವರ್ಷ

ಕ್ಯಾಥರೀನಳ ಆಳ್ವಿಕೆಯ ಇನ್ನೊಂದು ಮುಖವನ್ನು 1767ರ ಒಂದೇ ವರ್ಷದಲ್ಲಿ ಕಾಣಬಹುದು. ಆ ವರ್ಷ ಹೊಸ ಕಾನೂನು ಸಂಹಿತೆ ರಚಿಸಲು 500ಕ್ಕೂ ಹೆಚ್ಚು ಪ್ರತಿನಿಧಿಗಳ ಆಯೋಗ ಮಾಸ್ಕೋದಲ್ಲಿ ಸೇರಿತು. ಮಾಂಟೆಸ್ಕ್ಯೂ, ಬೆಕ್ಕಾರಿಯಾ ಅವರ ವಿಚಾರಗಳನ್ನು ಆಧರಿಸಿ ಸಾಮ್ರಾಜ್ಞಿಯೇ ಅದಕ್ಕೆ ಮಾರ್ಗದರ್ಶಿ ಸೂತ್ರಗಳನ್ನು ಬರೆದಳು. ಚಿತ್ರಹಿಂಸೆಯನ್ನು ಖಂಡಿಸುವ ಆ ಕೃತಿ ಯುರೋಪಿನಲ್ಲಿ ಮೆಚ್ಚುಗೆ ಗಳಿಸಿತು. ಆದರೆ ಜಮೀನುದಾರರ ಜೀತದ ರೈತರಿಗೆ ಆಯೋಗದಲ್ಲಿ ಪ್ರಾತಿನಿಧ್ಯವಿರಲಿಲ್ಲ. ಆಯೋಗ ಸಂಹಿತೆಯನ್ನೂ ಪೂರ್ಣಗೊಳಿಸಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಟ ಆಜ್ಞೆಯಂತೆ, ಒಡೆಯನ ವಿರುದ್ಧ ಸಾಮ್ರಾಜ್ಞಿಗೆ ದೂರು ಕೊಡುವ ರೈತನಿಗೆ ಚಾಟಿಯೇಟು ಮತ್ತು ಗಡೀಪಾರಿನ ಶಿಕ್ಷೆ ಗೊತ್ತಾಯಿತು.

ಅಂಥದೊಂದು ದೂರಿನಿಂದ ಹೊರಬಿದ್ದ ಪ್ರಕರಣದ ವಿಚಾರಣೆ ಆಗಿನ್ನೂ ನಡೆಯುತ್ತಿತ್ತು. ದಾರ್ಯಾ ಸಲ್ತಿಕೋವಾ ಎಂಬ ಜಮೀನುದಾರಿಣಿಯ ಇಬ್ಬರು ಜೀತದಾಳುಗಳು 1762ರಲ್ಲಿ ಹೇಗೋ ಸಾಮ್ರಾಜ್ಞಿಗೆ ಮನವಿ ತಲುಪಿಸಿದ್ದರು. ಅದಕ್ಕೆ ಮೊದಲು ಆಕೆಯ ವಿರುದ್ಧ ಬಂದ ದೂರುಗಳನ್ನು ಅಧಿಕಾರಿಗಳು ಮೂಲೆಗೆ ತಳ್ಳಿದ್ದರು. ಆರು ವರ್ಷಗಳ ವಿಚಾರಣೆಯ ಬಳಿಕ 1768ರಲ್ಲಿ 38 ಜೀತದಾಳುಗಳನ್ನು ಹಿಂಸಿಸಿ ಕೊಂದ ಅಪರಾಧ ಸಾಬೀತಾಗಿ ಸಲ್ತಿಕೋವಾಗೆ ಜೀವಾವಧಿ ಸೆರೆವಾಸ ವಿಧಿಸಲಾಯಿತು. ನ್ಯಾಯ ದೊರಕಿಸಿಕೊಟ್ಟ ಆ ದಾರಿ ತೀರ್ಪಿಗೆ ಮುನ್ನವೇ ಮುಚ್ಚಿಹೋಗಿತ್ತು.

ಮನವಿಯ ದಾರಿ ಮುಚ್ಚಿದಾಗ ಉಳಿದದ್ದು ದಂಗೆಯ ದಾರಿ. 1773ರಲ್ಲಿ ಎಮೆಲ್ಯಾನ್ ಪುಗಚೋವ್ ಎಂಬ ಕೊಸಾಕ್, ತಾನೇ ಸಾವಿನಿಂದ ಪಾರಾದ ಮೂರನೆಯ ಪೀಟರ್ ಎಂದು ಹೇಳಿಕೊಂಡು ರೈತರಿಗೆ ಬಿಡುಗಡೆ ಸಾರಿದ. ಯುರಾಲ್ ಸೀಮೆಯಿಂದ ವೋಲ್ಗಾ ನದಿಯವರೆಗೆ ದಂಗೆ ಹಬ್ಬಿತು. 1775ರ ಜನವರಿಯಲ್ಲಿ ಮಾಸ್ಕೋದಲ್ಲಿ ಆತನಿಗೆ ಮರಣದಂಡನೆಯಾಯಿತು. ಬಳಿಕ ಕ್ಯಾಥರೀನ್ ಕುಲೀನರನ್ನು ಇನ್ನಷ್ಟು ಹತ್ತಿರ ಸೆಳೆದುಕೊಂಡಳು. 1783ರಲ್ಲಿ ಉಕ್ರೇನಿನ ರೈತರೂ ನೆಲಕ್ಕೆ ಬಂಧಿಗಳಾದರು. 1785ರ ಸನದು ಕುಲೀನರಿಗೆ ತೆರಿಗೆ, ದೈಹಿಕ ಶಿಕ್ಷೆ ಮತ್ತು ಕಡ್ಡಾಯ ಸೇವೆಗಳಿಂದ ವಿನಾಯಿತಿ ನೀಡಿತು. ಜೀತದ ದುರವಸ್ಥೆಯನ್ನು ಬಣ್ಣಿಸಿ 1790ರಲ್ಲಿ ಪುಸ್ತಕ ಪ್ರಕಟಿಸಿದ ಅಲೆಕ್ಸಾಂಡರ್ ರಾದಿಶ್ಚೆವ್ ಸೈಬೀರಿಯಾದ ಹಾದಿ ಹಿಡಿಯಬೇಕಾಯಿತು.

ಬಾಗಿಲು ಮುಚ್ಚಿದ 1797ರ ಶಾಸನ

1796ರ ನವೆಂಬರ್ 6ರಂದು ಕ್ಯಾಥರೀನ್ ಮೃತಪಟ್ಟಳು. ತಾಯಿಯ ಮೇಲೆ ಹಲವು ದಶಕಗಳ ಮುನಿಸು ಹೊತ್ತಿದ್ದ ಮಗ ಪಾವೆಲ್ ಪಟ್ಟಕ್ಕೆ ಬಂದ. ತಂದೆಯ ಅವಶೇಷಗಳನ್ನು ಗೋರಿಯಿಂದ ತೆಗೆಸಿ, ತಾಯಿಯ ಪಕ್ಕದಲ್ಲೇ ರಾಜಮರ್ಯಾದೆಯೊಡನೆ ಮತ್ತೆ ಸಮಾಧಿ ಮಾಡಿಸಿದ.

1797ರ ಏಪ್ರಿಲ್ 5, ಪಾವೆಲ್‌ನ ಪಟ್ಟಾಭಿಷೇಕದ ದಿನ. ಅಂದು ಎರಡು ಶಾಸನಗಳು ಹೊರಬಿದ್ದವು. ಮೊದಲನೆಯದು 1722ರ ನಿಯಮವನ್ನು ರದ್ದುಗೊಳಿಸಿ, ವಂಶದಲ್ಲಿ ಪುರುಷ ಸಂತತಿಯೆಲ್ಲ ಮುಗಿದ ಬಳಿಕವಷ್ಟೇ ಸ್ತ್ರೀಯರಿಗೆ ಪಟ್ಟ ಎಂದು ವಿಧಿಸಿತು. ಎರಡನೆಯದು ಭಾನುವಾರ ರೈತರಿಂದ ದುಡಿಸಿಕೊಳ್ಳಬಾರದೆಂದು ನಿಷೇಧಿಸಿ, ವಾರಕ್ಕೆ ಮೂರು ದಿನದ ದುಡಿಮೆ ಒಡೆಯನಿಗೆ ಸಾಕೆಂದು ಸೂಚಿಸಿತು. ಜಮೀನುದಾರರು ಅದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಪಾವೆಲ್ ಕೂಡ ಸಾವಿರಾರು ರೈತರನ್ನು ಆಪ್ತರಿಗೆ ಇನಾಮು ಕೊಟ್ಟ. 1801ರಲ್ಲಿ ಆತನೂ ಕಾವಲು ಪಡೆಯ ಅಧಿಕಾರಿಗಳ ಕೈಯಲ್ಲೇ ಹತನಾದ. ಜೀತ ರದ್ದಾಗಲು ರಷ್ಯಾ 1861ರವರೆಗೆ ಕಾಯಬೇಕಾಯಿತು.

ಹೀಗಾಗಿ ಜೀತ ಬಿಗಿಯಾದದ್ದಕ್ಕೆ ಹೆಣ್ಣಿನ ಆಳ್ವಿಕೆ ಕಾರಣವೆನ್ನಲಾಗದು. ಕಾನೂನಿನ ಬೆಂಬಲವಿಲ್ಲದೆ ಸಿಂಹಾಸನವೇರಿದವರು ಅದನ್ನು ಉಳಿಸಿಕೊಳ್ಳಲು ಬಲವುಳ್ಳವರನ್ನು ತೃಪ್ತಿಪಡಿಸುತ್ತಲೇ ಇರಬೇಕಾಯಿತು. ಕೊಡಲು ಅವರ ಬಳಿ ಇದ್ದದ್ದು ಭೂಮಿ ಮತ್ತು ಅದನ್ನು ಉಳುವ ಜನ.

1797ರ ನಂತರ ರಷ್ಯಾದಲ್ಲಿ ಸಾಮ್ರಾಜ್ಞಿ ಎಂದರೆ ದೊರೆಯ ಪತ್ನಿ ಅಥವಾ ತಾಯಿ ಎಂದಷ್ಟೇ ಅರ್ಥ ಉಳಿಯಿತು. ಆ ಬಿರುದು ಹೊತ್ತ ಕೊನೆಯವಳು ಎರಡನೆಯ ನಿಕೋಲಸನ ಪತ್ನಿ ಅಲೆಕ್ಸಾಂಡ್ರಾ. ಆಕೆಯೂ ಜರ್ಮನಿಯಿಂದ ಬಂದವಳೇ. ಕ್ರಾಂತಿಯ ಬಳಿಕ, 1918ರ ಜುಲೈ ತಿಂಗಳಲ್ಲಿ ಆಕೆಯನ್ನೂ ಪತಿಯನ್ನೂ ಮಕ್ಕಳನ್ನೂ ಯೆಕಟೆರಿನ್‌ಬರ್ಗ್ ನಗರದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. 1723ರಲ್ಲಿ ಸ್ಥಾಪನೆಯಾದ ಆ ಊರಿಗೆ ಇಟ್ಟದ್ದು ಪೀಟರನ ಪತ್ನಿಯ ಹೆಸರು. ಪಾದ್ರಿಯ ಮನೆಗೆಲಸದಿಂದ ಬಂದು ರಷ್ಯಾದ ಮೊದಲ ಸಾಮ್ರಾಜ್ಞಿಯಾದ ಅದೇ ಕ್ಯಾಥರೀನಳ ಹೆಸರು.